ಗಾಯ ಕಂಡ ಮೇಲಿನ ಮೊದಲ ವಾರಗಳು

ಹದಿಹರೆಯದವರು ತಮ್ಮ ಮೈಗೆ ತಾವೇ ಗಾಯ ಮಾಡಿಕೊಳ್ಳುವ ವಿಷಯ ಬಂದಾಗಲೆಲ್ಲ ಟಿ.ವಿ. ಚರ್ಚೆಯಲ್ಲೂ ಪೋಷಕರ ಸಭೆಯಲ್ಲೂ ಈಗ ಒಂದೇ ವಿವರಣೆ: ಇದೆಲ್ಲ ಮೊಬೈಲಿನಿಂದ ಬಂದದ್ದು. 2017ರಲ್ಲಿ ‘ಬ್ಲೂ ವೇಲ್’ ಆಟದ ಗುಲ್ಲು ದೇಶದ ತುಂಬ ಹಬ್ಬಿತಲ್ಲ, ಆಗಿನಿಂದ ಈ ನಂಬಿಕೆ ಗಟ್ಟಿಯಾಯಿತು. ಮಕ್ಕಳ ಕೈಯಿಂದ ಫೋನ್ ಕಿತ್ತುಕೊಂಡರೆ ಅರ್ಧ ಕೆಲಸ ಮುಗಿಯಿತು ಎಂದುಕೊಂಡ ಶಾಲೆಗಳನ್ನು ನಾನು ಕಂಡಿದ್ದೇನೆ. ಇದರ ಜೊತೆಗೆ ಇನ್ನೊಂದು ಮಾತಿದೆ, ಇದಕ್ಕಿಂತ ಹಳೆಯದು, ಇದಕ್ಕಿಂತ ಕ್ರೂರವಾದದ್ದು: ‘ಗಮನ ಸೆಳೆಯೋಕೆ ಮಾಡ್ತಾರೆ ಬಿಡಿ.’ ಮನೋವೈದ್ಯಕೀಯ ಸಮಾಜಕಾರ್ಯದಲ್ಲೇ ವೃತ್ತಿಯ ಬಹುಭಾಗ ಕಳೆದ ನನಗೆ ಈ ಎರಡೂ ಮಾತುಗಳು ಒಂದೇ ಕೆಲಸ ಮಾಡುವಂತೆ ಕಾಣುತ್ತವೆ. ಎದುರಿಗೆ ಕೂತ ಹುಡುಗನನ್ನೋ ಹುಡುಗಿಯನ್ನೋ ‘ಏನಾಯ್ತು’ ಎಂದು ಕೇಳುವ ಹೊಣೆಯನ್ನು ಎರಡೂ ದೊಡ್ಡವರ ಹೆಗಲಿನಿಂದ ಇಳಿಸಿಬಿಡುತ್ತವೆ. ಈ ಕ್ಷೇತ್ರ ಎಲ್ಲಿಂದ ಎಲ್ಲಿಗೆ ಬಂದಿದೆ ಎಂದು ಒಮ್ಮೆ ಹಿಂತಿರುಗಿ ನೋಡಬೇಕು ಎನ್ನಿಸಿದ್ದು ಅದಕ್ಕೇ.

ಮೊಬೈಲ್ ಬರುವ ಎಷ್ಟೋ ಮೊದಲೇ ಈ ನಡವಳಿಕೆ ವೈದ್ಯರ ಗಮನಕ್ಕೆ ಬಂದಿತ್ತು. ಅಮೆರಿಕದ ಕಾರ್ಲ್ ಮೆನಿಂಜರ್ 1938ರಲ್ಲೇ ಇದನ್ನು ಆತ್ಮಹತ್ಯೆಯಿಂದ ಬೇರ್ಪಡಿಸಿ, ಇದರೊಳಗೆ ಸಾವನ್ನು ದೂರವಿಡುವ ಯತ್ನವೂ ಇದೆ ಎಂದು ಬರೆದರು. ಎರ್ವಿನ್ ಸ್ಟೆಂಗೆಲ್ 1958ರ ಅಧ್ಯಯನದಲ್ಲಿ ಆತ್ಮಹತ್ಯೆಯ ಯತ್ನದೊಳಗೆ ಸುತ್ತಲಿನವರಿಗೆ ಕೂಗಿ ಹೇಳುವ ಮೊರೆಯೊಂದಿದೆ ಎಂದರು. ‘ಗಮನ ಸೆಳೆಯುವುದು’ ಎಂಬ ತಾತ್ಸಾರದ ಮಾತು ಈ ಒಳನೋಟವನ್ನೇ ತಿರುಚಿದ್ದು. ಮೊರೆ ಕೇಳಿಸಿತು, ಆದರೆ ಕೇಳಿದವರು ಅದನ್ನು ನಾಟಕವೆಂದು ಬರೆದುಕೊಂಡರು. ಆಕ್ಸ್‌ಫರ್ಡಿನಲ್ಲಿ 1976ರಿಂದ ಆಸ್ಪತ್ರೆಗೆ ಬಂದ ಪ್ರತಿಯೊಂದು ಪ್ರಕರಣದ ದಾಖಲೆ ಇಡಲಾಗುತ್ತಿದೆ. ಕೀತ್ ಹಾಟನ್ ಮತ್ತು ಸಂಗಡಿಗರು ಅದೇ ದಾಖಲೆಯಿಂದ ತೋರಿಸಿಕೊಟ್ಟ ಸಂಗತಿ ಮುಖ್ಯವಾದದ್ದು: ಸಾಯುವ ಉದ್ದೇಶದಿಂದ ಮಾಡಿಕೊಂಡದ್ದು, ತಡೆಯಲಾಗದ ಸಂಕಟವನ್ನು ಇಳಿಸಿಕೊಳ್ಳಲು ಮಾಡಿಕೊಂಡದ್ದು ಎಂದು ಗೆರೆ ಎಳೆದು ಎರಡು ಗುಂಪು ಮಾಡಲು ಬರುವುದಿಲ್ಲ. ಒಬ್ಬನೇ ಹುಡುಗ ಈ ತಿಂಗಳು ಗೆರೆಯ ಈಚೆ, ಮುಂದಿನ ತಿಂಗಳು ಆಚೆ. ಒಮ್ಮೆ ಗಾಯ ಮಾಡಿಕೊಂಡವರಲ್ಲಿ ಮುಂದೆ ಆತ್ಮಹತ್ಯೆಯ ಅಪಾಯ ಉಳಿದವರಿಗಿಂತ ಹೆಚ್ಚು. ಆದ್ದರಿಂದ ಯಾವ ಗಾಯವೂ ‘ಸಣ್ಣದು’ ಅಲ್ಲ.

ನಮ್ಮಲ್ಲಿ ಆ ಕಾಲದಲ್ಲಿ ಇದು ಪೊಲೀಸ್ ಠಾಣೆಯ ವಿಷಯ. ಭಾರತೀಯ ದಂಡ ಸಂಹಿತೆಯ 309ನೇ ಕಲಮು ಆತ್ಮಹತ್ಯೆಯ ಯತ್ನಕ್ಕೆ ಒಂದು ವರ್ಷದವರೆಗೆ ಸಜೆ ಹೇಳುತ್ತಿತ್ತು. ಸುಪ್ರೀಂ ಕೋರ್ಟ್ 1994ರಲ್ಲಿ ಅದನ್ನು ಅಸಿಂಧು ಎಂದಿತು, 1996ರಲ್ಲಿ ಮತ್ತೆ ಊರ್ಜಿತಗೊಳಿಸಿತು. 2017ರ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆ 2018ರ ಮೇ ತಿಂಗಳಲ್ಲಿ ಜಾರಿಗೆ ಬಂದ ಮೇಲೆ, ಯತ್ನಿಸಿದ ವ್ಯಕ್ತಿ ತೀವ್ರ ಒತ್ತಡದಲ್ಲಿದ್ದ ಎಂದೇ ಭಾವಿಸಬೇಕು, ಶಿಕ್ಷಿಸಬಾರದು ಎಂದಾಯಿತು. 2024ರಲ್ಲಿ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಹಳೆಯ ಕಲಮು ಇಲ್ಲವೇ ಇಲ್ಲ. ಆದರೆ ಆಸ್ಪತ್ರೆಯ ಎಮರ್ಜೆನ್ಸಿಯಲ್ಲಿ ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ವೈದ್ಯಕೀಯ–ಕಾನೂನು ಪ್ರಕರಣ) ಎಂದು ಬರೆಯುವ ರೂಢಿ ಹಾಗೇ ಇದೆ. ಆ ಮೂರಕ್ಷರ ಕೇಳಿದರೆ ಅಪ್ಪ–ಅಮ್ಮಂದಿರು ‘ಜಾರಿ ಬಿದ್ದಳು ಡಾಕ್ಟ್ರೇ’ ಎನ್ನುತ್ತಾರೆ. ಚೀಟಿಯಲ್ಲಿ ಅದೇ ಬರುತ್ತದೆ. ಗಾಯಕ್ಕೆ ಪಟ್ಟಿ ಕಟ್ಟುತ್ತಾರೆ, ಮಗು ಮನೆಗೆ ಹೋಗುತ್ತದೆ, ಮನೋವೈದ್ಯರ ಕೋಣೆಯ ಬಾಗಿಲು ಅದಕ್ಕೆ ಕಾಣಿಸುವುದೇ ಇಲ್ಲ.

ಇನ್ನು ಬೆಂಗಳೂರಿನ ಕಥೆ. 1954ರಲ್ಲಿ ಶುರುವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ 1974ರಲ್ಲಿ ನಿಮ್ಹಾನ್ಸ್ ಆಯಿತು. ಅಲ್ಲಿನ ಕೆಲವರು ಆಸ್ಪತ್ರೆಯ ಗೋಡೆ ದಾಟಿ ಸಕಲವಾರದ ಹಳ್ಳಿಗಳಿಗೆ ಹೋದರು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಮಾನಸಿಕ ಕಾಯಿಲೆ ಗುರುತಿಸುವುದನ್ನು ಕಲಿಸಬಹುದು ಎಂದು ಅಲ್ಲಿ ಖಾತ್ರಿಯಾಯಿತು. ಅದೇ ಪಾಠ 1985ರಿಂದ ಬಳ್ಳಾರಿಯಲ್ಲಿ ಇಡೀ ಜಿಲ್ಲೆಯ ಮಟ್ಟಕ್ಕೆ ಬೆಳೆದು, 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ನನ್ನ ಪೀಳಿಗೆ ಬೆಳೆದದ್ದು ಈ ಹೆಮ್ಮೆಯಲ್ಲಿ, ಹೆಮ್ಮೆಗೆ ಕಾರಣವೂ ಇತ್ತು. ಆದರೆ ಬಳ್ಳಾರಿಯ ತರಬೇತಿಯಲ್ಲಿ ಒತ್ತು ಬಿದ್ದದ್ದು ತೀವ್ರ ಮನೋರೋಗ, ಮೂರ್ಛೆ ರೋಗ, ಬುದ್ಧಿಮಾಂದ್ಯತೆಯ ಮೇಲೆ. ಹದಿನಾರರ ಹುಡುಗಿ ರಾತ್ರಿ ಬಚ್ಚಲಮನೆಯ ಬಾಗಿಲು ಹಾಕಿಕೊಂಡು ಅಳುವುದಕ್ಕೆ ಆ ಪಟ್ಟಿಯಲ್ಲಿ ಜಾಗ ಇರಲಿಲ್ಲ.

ಆ ಜಾಗವನ್ನು ತೆರೆದವರು ಶಾಲೆಯ ಕಡೆಯಿಂದ ಬಂದವರು. ನಿಮ್ಹಾನ್ಸ್‌ನ ಮಾಳವಿಕಾ ಕಪೂರ್ ಶಿಕ್ಷಕರನ್ನೇ ಜೊತೆಗೆ ಸೇರಿಸಿಕೊಂಡು ಮಕ್ಕಳ ಮನಸ್ಸಿನ ತೊಂದರೆಗಳನ್ನು ತರಗತಿಯಲ್ಲೇ ಗುರುತಿಸುವ ಕೆಲಸ ಮಾಡಿದರು. ‘ಮೂಲೆಯಲ್ಲಿ ಸುಮ್ಮನೆ ಕೂರುವ ಒಳ್ಳೆಯ ಹುಡುಗಿ’ಯನ್ನೂ ನೋಡಬೇಕು ಎಂಬ ತಿಳಿವಳಿಕೆ ನಮ್ಮ ಶಿಕ್ಷಕರಿಗೆ ಬಂದದ್ದರಲ್ಲಿ ಇಂಥ ಕೆಲಸದ ಪಾಲು ದೊಡ್ಡದು. ಆಮೇಲೆ ಶ್ರೀಕಲಾ ಭರತ್ ಮತ್ತು ಕಿಶೋರ್ ಕುಮಾರ್ ರೂಪಿಸಿದ ಜೀವನ ಕೌಶಲ ಶಿಕ್ಷಣ ಕರ್ನಾಟಕದ ಪ್ರೌಢಶಾಲೆಗಳಿಗೆ ಹೋಯಿತು. ಕೋಪ ಬಂದಾಗ ಏನು ಮಾಡುವುದು, ಬೇಡ ಎನ್ನುವುದು ಹೇಗೆ, ಸಹಾಯ ಕೇಳುವುದು ಹೇಗೆ ಎಂಬುದನ್ನು ಆಟ–ಚರ್ಚೆಗಳ ಮೂಲಕ ಶಿಕ್ಷಕರೇ ನಡೆಸಿಕೊಡುವ ಕ್ರಮ ಅದು. ಇನ್ನೊಂದು ಕಡೆ ಡಾ. ಸಿ.ಆರ್. ಚಂದ್ರಶೇಖರ್. ಮನೋವೈದ್ಯಶಾಸ್ತ್ರವನ್ನು ಓದುಗರ ಅಡುಗೆಮನೆಯವರೆಗೆ ಕನ್ನಡದಲ್ಲಿ ತಲುಪಿಸಿದವರಲ್ಲಿ ಅವರದೇ ಮೊದಲ ಹೆಸರು. ನೂರಾರು ಪುಸ್ತಕ ಬರೆದರು, ಪತ್ರಿಕೆಗಳಲ್ಲಿ ಪ್ರಶ್ನೆಗಳಿಗೆ ಉತ್ತರಿಸಿದರು, ನಿವೃತ್ತಿಯ ನಂತರ ‘ಸಮಾಧಾನ’ ಕೇಂದ್ರದಲ್ಲಿ ಗೃಹಿಣಿಯರಿಗೂ ನಿವೃತ್ತ ನೌಕರರಿಗೂ ಆಪ್ತಸಲಹೆಯ ತರಬೇತಿ ಕೊಟ್ಟರು. 2024ರಲ್ಲಿ ಅವರಿಗೆ ಪದ್ಮಶ್ರೀ ಬಂದಾಗ ಸಂತೋಷಪಟ್ಟವರಲ್ಲಿ ಬಹಳ ಮಂದಿ ಅವರನ್ನು ಎಂದೂ ಮುಖತಃ ಕಂಡವರಲ್ಲ, ಓದಿದವರು. 2002ರಲ್ಲಿ ಬೆಂಗಳೂರಿನಲ್ಲಿ ಶುರುವಾದ ‘ಸಹಾಯ್’ ಸಹಾಯವಾಣಿಯೂ ಈ ನಂಬಿಕೆಯದೇ ಕೂಸು: ತರಬೇತಿ ಪಡೆದ ಸಾಮಾನ್ಯ ಮನುಷ್ಯ ಇನ್ನೊಬ್ಬರ ಸಂಕಟವನ್ನು ಕೇಳಿಸಿಕೊಳ್ಳಬಲ್ಲ.

ಈ ಸಾಲಿನಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದದ್ದು ‘ಯುವ ಸ್ಪಂದನ’. ರಾಜ್ಯದ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ನಿಮ್ಹಾನ್ಸ್ ಜೊತೆ ಸೇರಿ ಸುಮಾರು ಹತ್ತು ವರ್ಷದ ಹಿಂದೆ ಆರಂಭಿಸಿದ ಈ ಕಾರ್ಯಕ್ರಮದ ಕೇಂದ್ರಗಳು ಜಿಲ್ಲಾ ಕ್ರೀಡಾಂಗಣಗಳಲ್ಲಿವೆ. ಮೇಲ್ನೋಟಕ್ಕೆ ಚಿಕ್ಕ ಸಂಗತಿ. ಆದರೆ ‘ಹುಚ್ಚಾಸ್ಪತ್ರೆಗೆ ಹೋದ’ ಎಂಬ ಹೆಸರು ಹೊತ್ತುಕೊಳ್ಳದೆ ಒಬ್ಬ ಹುಡುಗ ಕ್ರೀಡಾಂಗಣದ ಗೇಟು ದಾಟಬಹುದು. ಅಲ್ಲಿ ಮಾತಾಡುವವರು ‘ಯುವ ಪರಿವರ್ತಕರು’, ವಯಸ್ಸಿನಲ್ಲಿ ಅವನಿಗಿಂತ ತುಸು ದೊಡ್ಡವರು, ಅದೇ ಜಿಲ್ಲೆಯ ಮಾತು ಆಡುವವರು. ಮಹಾನಗರದ ಆ್ಯಪ್‌ಗಳಿಗೆ ಸಿಗುವ ಪ್ರಚಾರದಲ್ಲಿ ನೂರರಲ್ಲೊಂದು ಪಾಲೂ ಇದಕ್ಕೆ ಸಿಕ್ಕಿಲ್ಲ.

ಶಾಲೆಯಲ್ಲಿ ಈ ಕೆಲಸವನ್ನು ಶಿಕ್ಷಕರೇ ಮಾಡಬಲ್ಲರು ಎಂಬ ನಮ್ಮ ಪಂಥದ ನಂಬಿಕೆಗೆ ಹೊರಗಿನಿಂದ ಪೆಟ್ಟು ಬಿದ್ದದ್ದನ್ನೂ ಹೇಳಬೇಕು. ಬಿಹಾರದ ನಳಂದಾ ಜಿಲ್ಲೆಯ 74 ಶಾಲೆಗಳಲ್ಲಿ ನಡೆದು 2018ರಲ್ಲಿ ಪ್ರಕಟವಾದ ‘ಸೆಹೆರ್’ ಅಧ್ಯಯನದಲ್ಲಿ, ಆ ಕೆಲಸಕ್ಕೇ ನೇಮಕವಾದ ಸಾಮಾನ್ಯ ಸಮಾಲೋಚಕರು ಇದ್ದ ಶಾಲೆಗಳಲ್ಲಿ ವಾತಾವರಣ ಸುಧಾರಿಸಿತು, ಖಿನ್ನತೆ ತಗ್ಗಿತು. ಶಿಕ್ಷಕರ ಕೈಯಲ್ಲೇ ಮಾಡಿಸಿದ ಕಡೆ ಏನೂ ಬದಲಾಗಲಿಲ್ಲ. ಯುರೋಪಿನ 10 ದೇಶಗಳ ಹನ್ನೊಂದು ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳ ಮೇಲಿನ 2015ರ ಅಧ್ಯಯನವೂ ಇಂಥದೇ ಮಾತು ಹೇಳಿತು: ಮಕ್ಕಳೇ ಪಾತ್ರವಹಿಸಿ ಮಾತಾಡಿಕೊಂಡ ಕಾರ್ಯಕ್ರಮದಿಂದ ಆತ್ಮಹತ್ಯೆಯ ಯತ್ನಗಳು ಇಳಿದವು, ಶಿಕ್ಷಕರಿಗೆ ಮಾತ್ರ ತರಬೇತಿ ಕೊಟ್ಟದ್ದರಿಂದ ಎದ್ದುಕಾಣುವ ಫಲ ಸಿಗಲಿಲ್ಲ. ಇದರಿಂದ ಶಿಕ್ಷಕರು ಬೇಡವೆಂದು ತೀರ್ಮಾನಿಸುವವರೊಂದಿಗೆ ನನ್ನ ಸಹಮತವಿಲ್ಲ. ಬಿಸಿಯೂಟದ ಲೆಕ್ಕ, ಜನಗಣತಿ, ಚುನಾವಣೆ ಎಲ್ಲವನ್ನೂ ಹೊತ್ತವರ ಮೇಲೆ ಮಕ್ಕಳ ಸಂಕಟವನ್ನೂ ಹೇರಿದರೆ ಏನಾಗುತ್ತದೆ ಎಂಬುದಕ್ಕೆ ಸಿಕ್ಕ ಉತ್ತರ ಅದು. ಶಿಕ್ಷಕಿ ಗುರುತಿಸಬಲ್ಲಳು. ಗುರುತಿಸಿದ ಮೇಲೆ ಕಳಿಸಲು ಒಬ್ಬರು ಬೇಕು, ಅದೇ ಕೆಲಸದವರು.

ಚಿಕಿತ್ಸೆಯ ಕಡೆ ದೊಡ್ಡ ತಿರುವು ತಂದವರು ಅಮೆರಿಕದ ಮಾರ್ಷಾ ಲೈನಹಾನ್. ಡಿಬಿಟಿ (ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ) ಎಂದು ಹೆಸರಾದ ಅವರ ಮಾತಿನ ಚಿಕಿತ್ಸೆಯ ವಿಧಾನದ ಮೊದಲ ಪರೀಕ್ಷೆ ಪ್ರಕಟವಾದದ್ದು 1991ರಲ್ಲಿ. ಹದಿಹರೆಯದಲ್ಲಿ ತಾನೂ ಗಾಯ ಮಾಡಿಕೊಳ್ಳುತ್ತಿದ್ದೆ, ಆಸ್ಪತ್ರೆಯಲ್ಲಿ ಒಂಟಿ ಕೋಣೆಯಲ್ಲಿದ್ದೆ ಎಂದು ಅವರು ಬಹಿರಂಗವಾಗಿ ಹೇಳಿಕೊಂಡದ್ದು 2011ರಲ್ಲಿ. ಆಸ್ಲೊದಲ್ಲಿ 77 ಹದಿಹರೆಯದವರೊಂದಿಗೆ 19 ವಾರ ನಡೆಸಿದ ಇದರ ಚಿಕ್ಕ ರೂಪ ಗಾಯ ಮಾಡಿಕೊಳ್ಳುವ ಸಲಗಳನ್ನು ಇಳಿಸಿತೆಂದು 2014ರಲ್ಲಿ ತಿಳಿಯಿತು. ಒಳ್ಳೆಯ ವಿಧಾನ, ಅನುಮಾನವಿಲ್ಲ. ಆದರೆ ವಾರಕ್ಕೊಮ್ಮೆ ಒಬ್ಬೊಬ್ಬರ ಜೊತೆ, ಇನ್ನೊಮ್ಮೆ ಗುಂಪಿನಲ್ಲಿ, ನಡುವೆ ಫೋನಿನಲ್ಲಿ ಎಂಬ ಏರ್ಪಾಡನ್ನು ಜಿಲ್ಲಾಸ್ಪತ್ರೆಯ ಮಂಗಳವಾರದ ಒಪಿಡಿಯಲ್ಲಿ ಹೊಂದಿಸುವುದು ಆಗದ ಮಾತು. ಬ್ರಿಟನ್ನಿನ ನೈಸ್ ಸಂಸ್ಥೆಯ 2022ರ ಮಾರ್ಗಸೂಚಿಯಲ್ಲಿ ನಮಗೆ ನಾಳೆಯೇ ಬಳಕೆಯಾಗುವ ಮಾತು ಬೇರೆಯೇ ಇದೆ: ಅಂಕ ಹಾಕಿ ‘ಕಡಿಮೆ ಅಪಾಯ’, ‘ಹೆಚ್ಚು ಅಪಾಯ’ ಎಂದು ವಿಂಗಡಿಸಬೇಡಿ, ಆ ಅಂಕಗಳು ಮುಂದೇನಾಗುತ್ತದೆ ಎಂದು ಹೇಳಲಾರವು, ಪ್ರತಿಯೊಬ್ಬರ ಜೊತೆ ಕೂತು ಅವರ ಬದುಕನ್ನು ಕೇಳಿ. ನಮ್ಮ ಕಾಲೇಜುಗಳು ಈಗ ಉತ್ಸಾಹದಿಂದ ಹಂಚುತ್ತಿರುವ ಸ್ಕ್ರೀನಿಂಗ್ ಫಾರ್ಮುಗಳನ್ನು ಕಂಡಾಗ ಈ ಮಾತನ್ನು ಅವರ ಗೋಡೆಗೆ ಅಂಟಿಸಬೇಕು ಎನ್ನಿಸುತ್ತದೆ.

ಕೂತು ಕೇಳುವುದು ಎಂದರೆ ಏನೆಂದು ಒಂದು ಉದಾಹರಣೆ. ದ್ವಿತೀಯ ಪಿಯುಸಿಯ ಹುಡುಗಿ, ಹಾಸ್ಟೆಲಿನವಳು. ಗಾಯಕ್ಕೆ ಆರೈಕೆ ಮುಗಿದಿದೆ. ಅಪ್ಪ ಕಾರಿಡಾರಿನಲ್ಲಿ ಬೆಂಚಿನ ಅಂಚಿಗೆ ಕೂತಿದ್ದಾರೆ. ಅವಳ ಮೊದಲ ಪ್ರಶ್ನೆ: ‘ಮೇಡಂ, ಹಾಸ್ಟೆಲ್‌ನಿಂದ ತೆಗೀತಾರಾ?’ ಗಾಯದ ಮಾತೇ ಇಲ್ಲ. ನಾವು ಒಂದು ಹಾಳೆಯಲ್ಲಿ ಬರೆಯಲು ಕೂರುತ್ತೇವೆ. ಸಂಕಟ ಏರುತ್ತಿದೆ ಎಂದು ನಿನಗೆ ಹೇಗೆ ಗೊತ್ತಾಗುತ್ತೆ? ‘ಊಟ ಬಿಡ್ತೀನಿ, ಯಾರ ಫೋನೂ ಎತ್ತಲ್ಲ.’ ಆಗ ಒಬ್ಬಳೇ ಏನು ಮಾಡಬಹುದು? ಯಾರ ಹತ್ತಿರ ಹೋಗಿ ಸುಮ್ಮನೆ ಕೂರಬಹುದು? ‘ಮೆಸ್ಸಿನ ಅಕ್ಕ.’ ವಾರ್ಡನ್ ಹೆಸರು ಬರಲಿಲ್ಲ, ಮೆಸ್ಸಿನ ಅಕ್ಕನ ಹೆಸರು ಬಂತು, ಹಾಗೇ ಬರೆದುಕೊಳ್ಳಬೇಕು. ಮನೆಯಲ್ಲಿ ಯಾರಿಗೆ ಹೇಳಬಹುದು? ಚಿಕ್ಕಮ್ಮ. ಕೋಣೆಯಲ್ಲಿ ಏನಿರಬಾರದು, ಅದನ್ನು ಯಾರು ತೆಗೆದಿಡುತ್ತಾರೆ? ಅಮೆರಿಕದ ಸ್ಟಾನ್ಲಿ ಮತ್ತು ಬ್ರೌನ್ ರೂಪಿಸಿದ ಸುರಕ್ಷತಾ ಯೋಜನೆ ಇದೇ, ಮುಕ್ಕಾಲು ಗಂಟೆಯ ಕೆಲಸ. ಐದನೇ ಸಾಲಿನಲ್ಲಿ ‘ಕರೆ ಮಾಡಬೇಕಾದ ವೈದ್ಯರು ಅಥವಾ ಸಮಾಲೋಚಕರು’ ಎಂದಿರುತ್ತದೆ. ಈಗ ಅಲ್ಲಿ 14416 ಎಂದು ಬರೆಯಬಹುದು. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಅದು, ದುಡ್ಡಿಲ್ಲದೆ, ದಿನದ ಯಾವ ಹೊತ್ತಿಗೂ, ಕನ್ನಡದಲ್ಲೂ ಸಿಗುತ್ತದೆ. ಅದಕ್ಕೆ ಮೊದಲು ಎಷ್ಟೋ ಹಾಳೆಗಳಲ್ಲಿ ಆ ಸಾಲು ಖಾಲಿ ಉಳಿದಿತ್ತು.

ಸಹಾಯವಾಣಿ ಬಂದದ್ದು ನಿಜಕ್ಕೂ ದೊಡ್ಡ ಹೆಜ್ಜೆ. ಆದರೆ ಅಲ್ಲಿಗೆ ಕರೆ ಮಾಡಬೇಕಾದದ್ದು ಸಂಕಟದಲ್ಲಿರುವವರೇ. ಆಸ್ಪತ್ರೆಯಿಂದ ಮನೆಗೆ ಹೋದ ಹುಡುಗಿಗೆ ನಾವಾಗಿ ಕರೆ ಮಾಡಿದರೆ? ಈ ಪ್ರಶ್ನೆಗೆ ಉತ್ತರ ಸಿಕ್ಕು ಬಹಳ ದಿನವಾಯಿತು, ಅದೂ ನಮ್ಮ ಪಕ್ಕದ ಊರಿನಿಂದ. ವಿಶ್ವ ಆರೋಗ್ಯ ಸಂಸ್ಥೆ ಚೆನ್ನೈ ಸೇರಿ ಐದು ದೇಶಗಳ ಆಸ್ಪತ್ರೆಗಳಲ್ಲಿ, ಆತ್ಮಹತ್ಯೆಗೆ ಯತ್ನಿಸಿ ಬಂದ 1,867 ಜನರೊಂದಿಗೆ ನಡೆಸಿದ ಅಧ್ಯಯನ 2008ರಲ್ಲಿ ಪ್ರಕಟವಾಯಿತು. ಅರ್ಧದಷ್ಟು ಜನರಿಗೆ ಎಂದಿನ ಆರೈಕೆ. ಉಳಿದವರ ಜೊತೆ ಡಿಸ್ಚಾರ್ಜಿನ ಹೊತ್ತಿಗೆ ಒಂದು ಗಂಟೆಯ ಮಾತು, ಆಮೇಲೆ 18 ತಿಂಗಳಲ್ಲಿ ಒಂಬತ್ತು ಸಲ ಫೋನ್ ಇಲ್ಲವೇ ಭೇಟಿ. ಕೊನೆಗೆ ಆತ್ಮಹತ್ಯೆಯಿಂದ ತೀರಿಹೋದವರು ಮೊದಲ ಗುಂಪಿನಲ್ಲಿ ಶೇ. 2.2, ಎರಡನೆಯದರಲ್ಲಿ ಶೇ. 0.2. ಅಲ್ಲಿ ಎಲ್ಲ ವಯಸ್ಸಿನವರೂ ಇದ್ದರು, ನಿಜ. ಆದರೂ ಇಷ್ಟು ಅಗ್ಗದ, ಇಷ್ಟು ಸರಳವಾದ ಕೆಲಸ ಹದಿಹರೆಯದವರಿಗಾಗಿ ನಮ್ಮ ಜಿಲ್ಲೆಗಳಲ್ಲಿ ಇನ್ನೂ ವಾಡಿಕೆಯಾಗಿಲ್ಲ. ಚನ್ನಪಟ್ಟಣದಲ್ಲಿ ನಿಮ್ಹಾನ್ಸ್ ಕೈಗೊಂಡಿರುವ ‘ಸುರಕ್ಷಾ’ದಂಥ ಆತ್ಮಹತ್ಯೆ ತಡೆ ಯೋಜನೆಗಳ ಮೇಲೆ ನನಗೆ ಭರವಸೆ ಇರುವುದು ಈ ಕಾರಣಕ್ಕೇ.

ಎಣಿಕೆಯ ವಿಷಯದಲ್ಲೂ ನಾವು ಹಿಂದೆ. ಐರ್ಲೆಂಡಿನಲ್ಲಿ ಗಾಯ ಮಾಡಿಕೊಂಡು ಎಮರ್ಜೆನ್ಸಿಗೆ ಬಂದವರಿಗೆಂದೇ ರಾಷ್ಟ್ರೀಯ ನೋಂದಣಿ ಇದೆ. ನಮ್ಮ ಅಪರಾಧ ದಾಖಲೆ ಬ್ಯೂರೊ 2022ರಲ್ಲಿ ದೇಶದಲ್ಲಿ 1,70,924 ಆತ್ಮಹತ್ಯೆಗಳನ್ನು ಎಣಿಸಿತು, ಅವರಲ್ಲಿ 13,044 ಮಂದಿ ವಿದ್ಯಾರ್ಥಿಗಳು. ಬದುಕುಳಿದವರನ್ನು, ಅಂದರೆ ನಾವು ಕೈಹಿಡಿಯಬಹುದಾದವರನ್ನು, ಅಲ್ಲಿ ಎಣಿಸುವವರಿಲ್ಲ. ನಿಮ್ಹಾನ್ಸ್ ಮುನ್ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ 12 ರಾಜ್ಯಗಳಲ್ಲಿ ನಡೆಯಿತು, ಅವುಗಳಲ್ಲಿ ಕರ್ನಾಟಕ ಇರಲಿಲ್ಲ.

ಗುಟ್ಟಿನ ಪ್ರಶ್ನೆ ಇನ್ನೊಂದು. ಹದಿನೆಂಟು ತುಂಬದವರ ಚಿಕಿತ್ಸೆಗೆ ಪೋಷಕರ ಒಪ್ಪಿಗೆ ಬೇಕು. ಪೋಕ್ಸೊ ಕಾಯ್ದೆಯಡಿ, ಹದಿನೇಳರ ಹುಡುಗಿ ತನ್ನ ಪ್ರೇಮದ ಬಗ್ಗೆ ಹೇಳಿಕೊಂಡ ವಿಷಯವನ್ನೂ ಪೊಲೀಸರಿಗೆ ತಿಳಿಸಬೇಕಾದ ಸಂದರ್ಭ ಸಮಾಲೋಚಕರಿಗೆ ಬರುತ್ತದೆ. ಮಕ್ಕಳಿಗೆ ಇದು ಗೊತ್ತು. ಗೊತ್ತಿದ್ದೇ ಬಾಯಿ ಬಿಡುವುದಿಲ್ಲ. ಮನೆಯ ಜಗಳ, ಬೇಡದ ಮದುವೆಯ ಮಾತುಕತೆ, ಪ್ರೇಮ ಮುರಿದದ್ದು, ಇವೇ ಗಾಯದ ಹಿಂದಿನ ಕಾರಣಗಳಾಗಿರುವಾಗ ಯಾವುದನ್ನೂ ಆಡಲಾಗದ ಕೋಣೆಯಲ್ಲಿ ಸಮಾಲೋಚನೆ ಏನು ಮಾಡೀತು? ಈ ಗಂಟನ್ನು ಬಿಡಿಸುವ ಮಾರ್ಗಸೂಚಿಯನ್ನು ಕಾನೂನು ಬಲ್ಲವರೂ ನಾವೂ ಒಟ್ಟಿಗೆ ಕೂತು ಬರೆಯಬೇಕಿದೆ.

2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್, ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗಳು ಅರ್ಹ ಸಮಾಲೋಚಕರೊಬ್ಬರನ್ನಾದರೂ ನೇಮಿಸಬೇಕೆಂದಿತು. ಸ್ವಾಗತಿಸಬೇಕಾದ ಆದೇಶ. ಆದರೆ ಕಾಲೇಜಿನ ಸಮಾಲೋಚಕಿಗೂ ಜಿಲ್ಲಾಸ್ಪತ್ರೆಯ ಎಮರ್ಜೆನ್ಸಿಗೂ ನಡುವೆ ದಾರಿ ಇಲ್ಲದಿದ್ದರೆ ಹಾಸ್ಟೆಲ್ ಹುಡುಗಿ ಎರಡರ ಮಧ್ಯೆ ಕಳೆದುಹೋಗುತ್ತಾಳೆ. ಆ ದಾರಿಗೆ ಹೊಸ ಕಾನೂನು ಬೇಕಿಲ್ಲ. ಯತ್ನಿಸಿದವರಿಗೆ ಆರೈಕೆ, ಚಿಕಿತ್ಸೆ, ಪುನರ್ವಸತಿ ಕೊಟ್ಟು ಮರುಕಳಿಸದಂತೆ ನೋಡಿಕೊಳ್ಳುವುದು ಸರ್ಕಾರದ ಕರ್ತವ್ಯವೆಂದು 2017ರ ಕಾಯ್ದೆಯ 115ನೇ ಕಲಮೇ ಹೇಳಿದೆ. ಜಿಲ್ಲಾ ಮಾನಸಿಕ ಆರೋಗ್ಯ ತಂಡದಲ್ಲಿ ಮನೋವೈದ್ಯಕೀಯ ಸಮಾಜಕಾರ್ಯಕರ್ತರ ಹುದ್ದೆ ಇದೆ, ಸಮುದಾಯ ಶುಶ್ರೂಷಕರ ಹುದ್ದೆ ಇದೆ. ಡಿಸ್ಚಾರ್ಜ್ ಚೀಟಿ ಬರೆಯುವ ಮೊದಲು ಎಮರ್ಜೆನ್ಸಿಯವರು ಅವರನ್ನು ಕರೆಸಬೇಕು, ಅವರು ಮೊದಲ ಭೇಟಿಯ ದಿನವನ್ನು ಆ ಚೀಟಿಯಲ್ಲೇ ಬರೆಯಬೇಕು, ಬಾರದಿದ್ದರೆ ಮರುದಿನ ತಾವೇ ಫೋನ್ ಮಾಡಬೇಕು. ಆರೋಗ್ಯ ಇಲಾಖೆಯ ಒಂದು ಸುತ್ತೋಲೆ ಸಾಕು, ಜೊತೆಗೆ ಖಾಲಿ ಬಿದ್ದಿರುವ ಹುದ್ದೆಗಳನ್ನು ತುಂಬುವ ಮನಸ್ಸು.