ಅಂಜಿಕೆಗೂ ಒಂದು ಇತಿಹಾಸ



ಏಕಾಏಕಿ ಎದೆ ಹೊಡೆದುಕೊಂಡು, ಉಸಿರು ಕಟ್ಟಿ, ಜೀವವೇ ಹೋಯಿತೆನ್ನಿಸುವ ಅಂಜಿಕೆಯನ್ನು ಗಾಳಿಸೋಂಕೆಂದು ತಿಳಿದು ತಾಯಿತ ಕಟ್ಟಿಸಿದವರು ನಮ್ಮ ತಿಕೋಟಾ, ಬಬಲೇಶ್ವರದ ಕಡೆ ಉಂಟು. ಅವರನ್ನು ಹಳಿಯಲಾಗದು. ಅಮೆರಿಕದ ಮನೋವೈದ್ಯರ ಕೈಪಿಡಿ ಇದಕ್ಕೆ ‘ಪ್ಯಾನಿಕ್ ಡಿಸಾರ್ಡರ್’ ಎಂಬ ಪ್ರತ್ಯೇಕ ಸ್ಥಾನ ಕೊಟ್ಟುದೇ 1980ರಲ್ಲಿ.

ಅದೇ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ಮನೋರೋಗ ಚಿಕಿತ್ಸೆಯ ತರಬೇತಿ ನೀಡಿತು. ಆ ಪ್ರಯೋಗವೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. 2022ರಲ್ಲಿ ಟೆಲಿ ಮಾನಸ್ ಬಂದಿತು. 14416ಕ್ಕೆ ಕರೆ ಮಾಡಿ ಕನ್ನಡದಲ್ಲಿಯೇ ಹೇಳಿಕೊಳ್ಳಬಹುದು.

ಈ ಅಂಜಿಕೆ ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುದಿ ಮುಟ್ಟಿ ಇಳಿಯುತ್ತದೆ. ಮೊದಲ ಸಲವಾದರೆ ಹೃದಯ ಪರೀಕ್ಷೆ ಮಾಡಿಸಿರಿ. ಮರುಕಳಿಸಿದರೆ ವಿಜಯಪುರದಲ್ಲಿ ಮನೋವೈದ್ಯರನ್ನು ಕಾಣಿರಿ. ಔಷಧಿಯೂ ಆಪ್ತಸಲಹೆಯೂ ಗುಣ ಕೊಡುತ್ತವೆ. ನಾಚಿಕೆ ಬೇಡ.