ಮಳೆಗೆ ಕಾಯುವ ಸಸಿ

ಮೆಣಸಿನಕಾಯಿ ಸಸಿಯ ಟ್ರೇಯನ್ನು ಎತ್ತಿ ಹಿಡಿದು, ಕುಳಿಯ ತಳದ ತೂತಿಗೆ ಬೆರಳಿಟ್ಟು ಮೆಲ್ಲಗೆ ಒತ್ತಿದರೆ ಹೆಂಟೆ ಸಮೇತ ಸಸಿ ಮೇಲೆ ಬರುತ್ತದೆ. ಮೂವತ್ತೈದು ದಿನದ ಸಸಿಯಾದರೆ ಹೆಂಟೆಯ ಸುತ್ತ ಬಿಳಿ ಬೇರು ಬಲೆ ಹೆಣೆದಂತಿರುತ್ತದೆ, ಅಂಗೈಯಲ್ಲಿ ಹೊರಳಿಸಿದರೂ ಪುಡಿ ಉದುರುವುದಿಲ್ಲ. ಅದೇ ಸಸಿ ಇನ್ನೂ ಹದಿನೈದು ಇಪ್ಪತ್ತು ದಿನ ಟ್ರೇಯಲ್ಲೇ ಉಳಿದರೆ ಬೇರು ತಳದಲ್ಲಿ ಸಿಂಬೆಯಂತೆ ಸುತ್ತಿಕೊಂಡು ಕಂದುಬಣ್ಣಕ್ಕೆ ತಿರುಗುತ್ತದೆ. ಕೆಳಗಿನ ಎಲೆ ಹಳದಿಯಾಗುತ್ತದೆ, ಕಾಂಡ ಕಡ್ಡಿಯಾಗುತ್ತದೆ. ಅಂಥದ್ದನ್ನು ಹೊಲದಲ್ಲಿ ನೆಟ್ಟರೆ ಬದುಕುತ್ತದೆ, ಆದರೆ ಬೇರು ಬಹಳ ದಿನ ಆ ಸಿಂಬೆ ಬಿಟ್ಟು ಹೊರಗೆ ಕಾಲು ಚಾಚುವುದಿಲ್ಲ. ಅರಕಲಗೂಡು, ಹೊಳೆನರಸೀಪುರದ ಕಡೆ ಮಳೆಯನ್ನೇ ನೆಚ್ಚಿ ನಾಟಿ ಮಾಡುವ ಹೊಲಗಳಲ್ಲಿ ಈ ಎರಡನೆಯ ಬಗೆಯ ಸಸಿಯನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಸಸಿ ಸಿದ್ಧವಾಗಿರುತ್ತದೆ, ಹೊಲ ಹದವಾಗಿರುವುದಿಲ್ಲ.

ಹಾಸನ ಸೀಮೆಯಲ್ಲಿ ತರಕಾರಿ ಸಸಿ ಎಬ್ಬಿಸುವ ಕೆಲಸ ಎಲ್ಲಿಂದ ಎಲ್ಲಿಗೆ ಬಂತು ಎಂದು ಯೋಚಿಸುವಾಗ ನನಗೆ ಈ ಕಾಯುವ ದಿನಗಳೇ ಮುಖ್ಯವಾಗಿ ಕಾಣುತ್ತವೆ. ಬೇರಿಗೆ ಎಷ್ಟು ಜಾಗ ಕೊಟ್ಟಿದ್ದೇವೆ ಎಂಬುದರ ಮೇಲೆಯೇ ಸಸಿ ಎಷ್ಟು ದಿನ ಕಾಯಬಲ್ಲದು ಎಂಬುದು ನಿಂತಿದೆ.

ಮೊದಲಿದ್ದದ್ದು ಒಟ್ಲು. ಬಾವಿಯ ಪಕ್ಕದಲ್ಲೋ ತೋಟದ ಮೂಲೆಯಲ್ಲೋ ಅಂಗೈ ಎತ್ತರದ ಮಡಿ ಕಟ್ಟಿ, ಹಳೆಯ ಸಗಣಿ ಗೊಬ್ಬರ ಬೆರೆಸಿ, ಬದನೆ, ಟೊಮೆಟೊ, ಮೆಣಸಿನ ಬೀಜ ಚೆಲ್ಲಿ ಮೇಲೆ ಹುಲ್ಲು ಹೊದಿಸುತ್ತಿದ್ದರು. ಮೊಳಕೆ ಕಂಡ ದಿನ ಹುಲ್ಲು ತೆಗೆದು ಬೂದಿ ಎರಚುತ್ತಿದ್ದರು. ಒಟ್ಲಿನಲ್ಲಿ ಬೇರಿಗೆ ಆಳದ ಕೊರತೆ ಇರಲಿಲ್ಲ. ತೊಂದರೆ ಬರುತ್ತಿದ್ದದ್ದು ಕೀಳುವಾಗ. ಎಷ್ಟು ನೀರು ಕಟ್ಟಿ ನೆನೆಸಿದ್ದರೂ ತಾಯಿಬೇರು ತುಂಡಾಗಿ ಅರ್ಧ ಮಣ್ಣಿನಲ್ಲೇ ಉಳಿಯುತ್ತಿತ್ತು. ರಾಗಿ ಪೈರಿಗೆ ಅದು ಲೆಕ್ಕಕ್ಕಿಲ್ಲ, ಅದರದು ಜಡೆಬೇರು. ಬದನೆ, ಟೊಮೆಟೊ ಕೂಡ ನಾಲ್ಕಾರು ದಿನ ಬಾಡಿ ಮತ್ತೆ ಬೇರು ಬಿಡುತ್ತವೆ. ಹೀರೆ, ಸೋರೆ, ಕುಂಬಳ ಮಾತ್ರ ಬೇರು ಹರಿದರೆ ಸಹಿಸವು. ನಮ್ಮ ಅಜ್ಜಿ ಸೋರೆ ಬೀಜವನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ತೂತು ಮಾಡಿದ ತೆಂಗಿನ ಚಿಪ್ಪಿನಲ್ಲಿ ಊರಿ, ಎರಡೆಲೆ ಬಂದ ಮೇಲೆ ಚಿಪ್ಪನ್ನೇ ಒಡೆದು ಗುಂಡಿಗೆ ಇಡುತ್ತಿದ್ದರು. ಬೇರಿಗೆ ಕೈ ತಾಗಬಾರದು ಎಂಬುದು ಅವರ ಒಂದೇ ನಿಯಮ.

ಟೊಮೆಟೊ ಬೇರು ಎಷ್ಟು ಆಳಕ್ಕೆ ಹೋಗುತ್ತದೆ ಎಂಬುದನ್ನು ಕಣ್ಣಾರೆ ನೋಡಿ ಬರೆದವರು ಅಮೆರಿಕದ ಜಾನ್ ವೀವರ್ ಮತ್ತು ವಿಲಿಯಂ ಬ್ರೂನರ್. ಗಿಡದ ಪಕ್ಕ ಆಳುದ್ದದ ಕಂದಕ ತೋಡಿ, ಬೇರಿನ ಎಳೆ ಎಳೆಯನ್ನೂ ಬಿಡಿಸಿ ಚಿತ್ರ ಬರೆದು 1927ರಲ್ಲಿ ಪುಸ್ತಕವಾಗಿ ತಂದರು. ಬೀಜ ಬಿದ್ದಲ್ಲೇ ಬೆಳೆದ ಟೊಮೆಟೊದ ತಾಯಿಬೇರು ನೇರ ಕೆಳಗಿಳಿಯುತ್ತದೆ. ಕಿತ್ತು ನೆಟ್ಟ ಗಿಡದಲ್ಲಿ ತಾಯಿಬೇರು ಮುರಿದು ಪಕ್ಕದ ಬೇರುಗಳು ಹೆಚ್ಚುತ್ತವೆ. ನೀರಾವರಿಯಲ್ಲಿ ಇದರಿಂದ ನಷ್ಟವೇನಿಲ್ಲ. ಮಳೆ ಎರಡು ವಾರ ಕೈಕೊಟ್ಟಾಗ ಕೆಳಗಿನ ತೇವ ಮುಟ್ಟಿದ ಬೇರಿಗೂ ಮೇಲೇ ಹರಡಿದ ಬೇರಿಗೂ ಇರುವ ಅಂತರ ಗೊತ್ತಾಗುತ್ತದೆ.

ನಮ್ಮಲ್ಲಿ ಒಟ್ಲು ಹಿಂದೆ ಸರಿಯಲು ಕಾರಣ ಬೇರಿನ ವಿಚಾರವಲ್ಲ, ಬೀಜದ ಬೆಲೆ. ಮನಮೋಹನ ಅತ್ತಾವರ್ 1965ರಲ್ಲಿ ಬೆಂಗಳೂರಿನಲ್ಲಿ ಇಂಡೋ-ಅಮೆರಿಕನ್ ಹೈಬ್ರಿಡ್ ಸೀಡ್ಸ್ ಆರಂಭಿಸಿದರು. 1973ರಲ್ಲಿ ಅವರ ‘ಕರ್ನಾಟಕ’ ಹೈಬ್ರಿಡ್ ಟೊಮೆಟೊ ಬಂತು. ಅಲ್ಲಿಂದ ಮುಂದೆ ಬೀಜವನ್ನು ಹಿಡಿ ತುಂಬ ಚೆಲ್ಲುವ ಕಾಲ ಮುಗಿಯಿತು. ಒಂದೊಂದು ಬೀಜಕ್ಕೂ ದುಡ್ಡು ಕೊಟ್ಟವನಿಗೆ ಒಟ್ಲಿನಲ್ಲಿ ಬುಡ ಕೊಳೆತು ಸಾಯುವ ಪ್ರತಿ ಸಸಿಯೂ ನಷ್ಟವೇ. ಬೀಜಕ್ಕೊಂದು ಕುಳಿ ಎಂಬ ಯೋಚನೆ ಆಗ ಅರ್ಥಪೂರ್ಣವಾಯಿತು. ಫ್ಲಾರಿಡಾದ ಜಾರ್ಜ್ ಟಾಡ್ ತಲೆಕೆಳಗಾದ ಗೋಪುರದಾಕಾರದ ಕುಳಿಗಳ ಟ್ರೇಯನ್ನು ಅದಾಗಲೇ ಬಳಕೆಗೆ ತಂದಿದ್ದರು. ಕುಳಿ ಕೆಳಗೆ ಕಿರಿದಾಗುತ್ತ ಹೋಗುವುದರಿಂದ ಬೇರು ಕೆಳಮುಖವಾಗಿ ಇಳಿಯುತ್ತದೆ, ತಳದ ತೂತಿನಲ್ಲಿ ಗಾಳಿ ತಾಗಿದ ತುದಿ ಒಣಗುತ್ತದೆ, ಮೇಲೆ ಹೊಸ ಕವಲು ಒಡೆಯುತ್ತದೆ.

ಈ ಪದ್ಧತಿಯನ್ನು ನಮ್ಮ ಹವೆಗೆ ಒಗ್ಗಿಸಿ ರೈತರಿಗೆ ಕಲಿಸಿದ್ದರಲ್ಲಿ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಪಾಲು ದೊಡ್ಡದು. 98 ಕುಳಿಯ ಟ್ರೇ, ಒಂದು ಟ್ರೇಗೆ ಸುಮಾರು 1.2 ಕಿಲೊ ಕೋಕೋಪೀಟ್, ಕುಳಿಗೊಂದು ಬೀಜ. ಬಿತ್ತಿದ ಹತ್ತು ಟ್ರೇಗಳನ್ನು ಒಂದರ ಮೇಲೊಂದು ಪೇರಿಸಿ ಪ್ಲಾಸ್ಟಿಕ್ ಹಾಳೆ ಮುಚ್ಚಿ, ಮೊಳಕೆ ಕಂಡೊಡನೆ ನೆರಳುಬಲೆಗೆ ಸಾಗಿಸುವುದು. ಬಿಳಿನೊಣ ನುಸುಳದಂತೆ ಸುತ್ತ 40 ಮೆಶ್ ನೈಲಾನ್ ಪರದೆ. ಈ ನೊಣ ಹರಡುವ ಎಲೆಮುದುಡು ರೋಗದಿಂದ ಸೋತಿದ್ದ ಟೊಮೆಟೊ ಬೆಳೆಗಾರರಿಗೆ ಈ ಪರದೆಯೊಂದೇ ದೊಡ್ಡ ಆಸರೆ.

ಕೋಕೋಪೀಟ್ ಎಂದರೆ ಹಾಸನ ಜಿಲ್ಲೆಗೆ ಮನೆಯ ಮಾಲು. ಅರಸೀಕೆರೆ, ಚನ್ನರಾಯಪಟ್ಟಣ ತೆಂಗಿನ ಸೀಮೆ. ತೆಂಗಿನ ಸಿಪ್ಪೆಯಿಂದ ನಾರು ತೆಗೆದ ಮೇಲೆ ಉಳಿಯುವ ಪುಡಿ ಹಿಂದೆ ರಾಶಿ ಬಿದ್ದು ಮಳೆಗೆ ಕಂದು ನೀರು ಬಸಿಯುತ್ತಿತ್ತು. ತನ್ನ ತೂಕದ ಏಳೆಂಟು ಪಟ್ಟು ನೀರು ಹಿಡಿಯುವ ಈ ಪುಡಿಯನ್ನು ಚೆನ್ನಾಗಿ ತೊಳೆದು ಉಪ್ಪಿನಂಶ ಕಳೆದರೆ, ಕೊಳೆಸಿ ಹದ ಮಾಡಿದರೆ, ಇದಕ್ಕಿಂತ ಒಳ್ಳೆಯ ಹಾಸು ಸಸಿಗೆ ಸಿಗುವುದಿಲ್ಲ. ತೊಳೆಯದ ಪುಡಿಯಲ್ಲಿ ಮೊಳಕೆಯ ಬೇರುತುದಿ ಸುಟ್ಟು ಹೋಗುತ್ತದೆ.

ಟ್ರೇಯ ಪಾಠವನ್ನು ಅರಕಲಗೂಡಿನ ರೈತರು ತರಕಾರಿಯಿಂದಷ್ಟೇ ಕಲಿತದ್ದಲ್ಲ. ರಾಮನಾಥಪುರದ ಹರಾಜು ಮಾರುಕಟ್ಟೆಗೆ ಹೊಗೆಸೊಪ್ಪು ಬೆಳೆಯುವ ಸೀಮೆ ಇದು. ಗ್ರಾಂ ಒಂದಕ್ಕೆ ಹತ್ತು ಸಾವಿರಕ್ಕೂ ಹೆಚ್ಚಿರುವ ಆ ಬೀಜವನ್ನು ಮಡಿಯಲ್ಲಿ ಚೆಲ್ಲಿ, ಪುಟ್ಟ ಸಸಿಗಳನ್ನು ಒಂದೊಂದಾಗಿ ಟ್ರೇಗೆ ಕೂರಿಸಿ, ಹೊಲಕ್ಕೆ ಒಯ್ಯುವ ಕ್ರಮ ಅಲ್ಲಿ ಹಬ್ಬಿತು. ಟ್ರೇ ಪೈರು ಹೊಲದಲ್ಲಿ ಬಾಡದೆ ಎದ್ದು ನಿಲ್ಲುವುದನ್ನು ಕಂಡವರಿಗೆ ಟೊಮೆಟೊ, ಕೋಸಿನ ಟ್ರೇ ಹೊಸದೆನಿಸಲಿಲ್ಲ.

ಇಷ್ಟೆಲ್ಲ ಒಳ್ಳೆಯದರ ನಡುವೆ ನಾವು ಬಿಟ್ಟುಕೊಟ್ಟದ್ದು ಆಳವನ್ನು. 98ರ ಟ್ರೇಯ ಕುಳಿಯ ಆಳ ಸುಮಾರು ಒಂದೂವರೆ ಅಂಗುಲ. ಮೂರು ನಾಲ್ಕು ವಾರದ ಟೊಮೆಟೊ, ಕೋಸಿಗೆ ಅದು ಸಾಕು. ಐದಾರು ವಾರ ಇರಬೇಕಾದ ಮೆಣಸಿಗೆ ಬಿಗಿಯಾಗುತ್ತದೆ. ಆಳ ಕಡಿಮೆಯಾದರೆ ಜಾಗವಷ್ಟೇ ಅಲ್ಲ, ಗಾಳಿಯೂ ಕಡಿಮೆಯಾಗುತ್ತದೆ. ಇದನ್ನು ಮನೆಯಲ್ಲೇ ನೋಡಬಹುದು. ಸ್ಪಂಜಿನ ತುಂಡನ್ನು ನೀರಲ್ಲಿ ಅದ್ದಿ ಅಂಗೈ ಮೇಲೆ ಮಲಗಿಸಿ ಹಿಡಿಯಿರಿ, ತೊಟ್ಟಿಕ್ಕುವುದು ನಿಲ್ಲಲಿ. ಈಗ ಅದನ್ನೇ ನೆಟ್ಟಗೆ ನಿಲ್ಲಿಸಿ ಹಿಡಿದರೆ ಮತ್ತೆ ನೀರು ಬಸಿಯುತ್ತದೆ. ಸ್ಪಂಜು ಅದೇ, ಎತ್ತರ ಮಾತ್ರ ಬೇರೆ. ಕುಳಿಯ ತಳದಲ್ಲಿ ಬಸಿಯದೆ ನಿಲ್ಲುವ ನೀರಿನ ಪದರ ಆಳದ ಕುಳಿಗೂ ತಗ್ಗಿನ ಕುಳಿಗೂ ಹೆಚ್ಚುಕಡಿಮೆ ಒಂದೇ ದಪ್ಪ. ತಗ್ಗಿನ ಕುಳಿಯಲ್ಲಿ ಅದು ಬಹುಪಾಲು ಜಾಗ ತಿನ್ನುತ್ತದೆ. ಆಳದ ಕುಳಿಯಲ್ಲಿ ಅದರ ಮೇಲೆ ಗಾಳಿಯಾಡುವ ಭಾಗ ಉಳಿಯುತ್ತದೆ, ಬೇರು ಬಲಿಯುವುದು ಅಲ್ಲಿ. ಜಡಿಮಳೆಯಲ್ಲಿ ತೊಯ್ದ ಟ್ರೇಗಳಲ್ಲಿ ಬುಡ ಕೊಳೆಯುವುದಕ್ಕೆ ಈ ನೀರಿನದೂ ಕೈಯಿದೆ.

ಪಕ್ಕದ ಸಕಲೇಶಪುರದ ಕಾಫಿ ತೋಟದವರಿಗೆ ಬೇರಿಗೆ ಆಳ ಸಾಲದಿರುವುದು ಹಳೆಯ ಅನುಭವ. ಪಾಲಿಥಿನ್ ಚೀಲದಲ್ಲಿ ಬೆಳೆದ ಕಾಫಿ ಸಸಿಯ ತಾಯಿಬೇರು ತಳದಲ್ಲಿ ಸುತ್ತಿಕೊಂಡಿದ್ದರೆ ಆ ತುದಿಯನ್ನು ಕತ್ತರಿಸಿಯೇ ನೆಡುತ್ತಾರೆ. ಒಳಗೆ ಏಣುಗಳಿರುವ ಉದ್ದನೆಯ ರೂಟ್ ಟ್ರೈನರ್ ಬಂದದ್ದು ಈ ಸುತ್ತನ್ನು ತಪ್ಪಿಸಲು. ವರ್ಷಗಟ್ಟಲೆ ಬಾಳುವ ಗಿಡಕ್ಕೆ ಅಷ್ಟು ಖರ್ಚು ತಾಳುತ್ತದೆ. ನಾಲ್ಕು ತಿಂಗಳ ಬೆಳೆಗೆ ತಾಳುತ್ತದೆಯೆ ಎಂಬುದು ನರ್ಸರಿಯವರ ಪ್ರಶ್ನೆ, ನ್ಯಾಯವಾದ ಪ್ರಶ್ನೆಯೂ ಹೌದು. ಅಷ್ಟೇ ಜಾಗದಲ್ಲಿ ಆಳದ ಕುಳಿಯ 50ರ ಟ್ರೇ ಇಟ್ಟರೆ ಸಸಿ ಅರ್ಧದಷ್ಟೇ, ಹಾಸು ಜಾಸ್ತಿ. 1998ರಲ್ಲಿ ಸಂಶೋಧಕರಾದ ನೆಸ್ಮಿತ್ ಮತ್ತು ಡುವಾಲ್ ಕುಳಿಯ ಗಾತ್ರದ ಬಗ್ಗೆ ಅದುವರೆಗೆ ನಡೆದ ಪ್ರಯೋಗಗಳನ್ನು ಒಟ್ಟಿಗೆ ನೋಡಿ ಬರೆದದ್ದೂ ಈ ಜಗ್ಗಾಟವನ್ನೇ: ಕುಳಿ ಕಿರಿದಾದಷ್ಟೂ ಬೆಳೆಸುವವನಿಗೆ ಲಾಭ, ನೆಡುವವನಿಗೆ ಸಸಿಯ ಬೆಳವಣಿಗೆಯಲ್ಲಿ ಪೆಟ್ಟು.

ಹೇಮಾವತಿ ನಾಲೆಯ ನೀರೋ ಕೊಳವೆಬಾವಿಯ ಹನಿ ನೀರಾವರಿಯೋ ಇದ್ದು, ಹೇಳಿದ ದಿನಕ್ಕೆ ನಾಟಿ ಮಾಡಬಲ್ಲ ಚನ್ನರಾಯಪಟ್ಟಣದ ಟೊಮೆಟೊ ಬೆಳೆಗಾರನಿಗೆ 98ರ ಟ್ರೇಯೇ ಸರಿ. ಅವನಿಗೆ ಆಳ ಮಾರುವುದು ಬೇಡದ ಖರ್ಚು. ಮಳೆಗೆ ಕಾಯುವ ಮೆಣಸು, ಬದನೆಯ ರೈತನಿಗೆ ಮಾತ್ರ 50ರ ಟ್ರೇ, ಇಲ್ಲವೇ ತೂತು ಮಾಡಿದ ಗೇಣುದ್ದದ ಚೀಲ ಹತ್ತು ಹನ್ನೆರಡು ದಿನದ ಬಿಡುವು ಕೊಡುತ್ತದೆ. ಆ ಬಿಡುವಿಗೆ ಸಸಿಯೊಂದಕ್ಕೆ ಸ್ವಲ್ಪ ಹೆಚ್ಚು ಕೊಡುವುದು ದುಬಾರಿಯಲ್ಲ ಎಂದೇ ನನ್ನ ಎಣಿಕೆ.

ಈಗ ಆಲೂಗಡ್ಡೆಯೂ ಟ್ರೇ ಹತ್ತಿದೆ. ಜಲಂಧರದಿಂದ ಬರುವ ಬಿತ್ತನೆ ಗಡ್ಡೆಗೆ ಪ್ರತಿ ಮುಂಗಾರಿನಲ್ಲಿ ಕಾದು ಕೂರುತ್ತಿದ್ದ ಹಾಸನದಲ್ಲಿ, ಬಾಗಲಕೋಟೆ ತೋಟಗಾರಿಕಾ ವಿಶ್ವವಿದ್ಯಾಲಯದ ಸೋಮನಹಳ್ಳಿ ಕಾವಲು ಕೇಂದ್ರವು ಅಂತರರಾಷ್ಟ್ರೀಯ ಆಲೂಗಡ್ಡೆ ಕೇಂದ್ರದ ಜೊತೆ ಸೇರಿ ಅಂಗಾಂಶ ಕೃಷಿಯ ತಾಯಿಗಿಡಗಳ ಕುಡಿ ಕತ್ತರಿಸಿ ಟ್ರೇಯಲ್ಲಿ ಬೇರು ಬರಿಸುವ ವಿಧಾನವನ್ನು ರೈತರ ಮುಂದಿಟ್ಟಿದೆ. ಅಂಗೈಗೆ ಸಿಗುವ ಆ ಕುಡಿಸಸಿಯನ್ನು ನೆಟ್ಟು ಬಂದ ಗಡ್ಡೆಯೇ ಮುಂದಿನ ಹಂಗಾಮಿಗೆ ರೋಗವಿಲ್ಲದ ಬಿತ್ತನೆ. ಈ ಕುಡಿಗೆ ತಾಯಿಬೇರಿಲ್ಲ, ಕಾಂಡದಿಂದ ಒಡೆದ ಎಳೆಬೇರೇ ಎಲ್ಲ. ನಾಟಿಯ ವಾರ ಮಳೆ ತಪ್ಪಿದರೆ ಮೊದಲು ಬಾಡುವುದು ಇದೇ. ಆದ್ದರಿಂದ ಇದನ್ನು ಬೆಳೆಸುವವರು ನಾಟಿಯ ದಿನಗಳಲ್ಲಿ ಎರಡು ಕೊಡ ನೀರು ಹೊಲದ ಬದುವಿನಲ್ಲಿ ಇಟ್ಟುಕೊಂಡೇ ಸಾಲಿಗೆ ಇಳಿಯಬೇಕು.