ದೇವಗಿರಿಯ ವರ್ಗಾವಣೆ, ನಾಸಿಕದ ನೋಟು

ಛತ್ರಪತಿ ಸಂಭಾಜಿನಗರದಿಂದ ಎಲ್ಲೋರದ ಗುಹೆಗಳಿಗೆ ಹೋಗುವ ದಾರಿಯಲ್ಲಿರುವ ದೇವಗಿರಿಯ ಕೋಟೆಯನ್ನು ಕಾಣದವರು ನಮ್ಮವರಲ್ಲಿ ವಿರಳ. ಕನ್ನಡದಲ್ಲಿಯೂ ಶಾಸನಗಳನ್ನು ಬರೆಯಿಸಿದ ಸೇವುಣರ ರಾಜಧಾನಿಯದು. 1327ರ ಸುಮಾರಿಗೆ ಮಹಮ್ಮದ್ ಬಿನ್ ತುಘಲಕನು ದೌಲತಾಬಾದ್ ಎನಿಸಿದ ಈ ಊರಿಗೆ ತನ್ನ ರಾಜಧಾನಿಯನ್ನು ತಂದನು.

ಇದನ್ನು ಹುಚ್ಚುತನವೆಂದು ನಗುವುದು ವಾಡಿಕೆ. ಸರಕಾರಿ ಗುಮಾಸ್ತರಾದ ನಮಗೆ ಅಷ್ಟು ಸುಲಭವಾಗಿ ನಗು ಬಾರದು. ದಿಲ್ಲಿಯು ವಾಯವ್ಯದ ದಾಳಿಗಳಿಗೆ ಹತ್ತಿರ, ದಖ್ಖನಕ್ಕೆ ದೂರ. ರಾಜ್ಯಭಾರಕ್ಕೆ ಎರಡನೆಯ ನೆಲೆಯೊಂದು ಬೇಕೆಂಬ ಆಲೋಚನೆ ತಪ್ಪಲ್ಲ. ಆದರೆ ಅಧಿಕಾರಿಗಳು, ವಿದ್ವಾಂಸರು, ಅವರ ಮನೆಮಂದಿ ಎಲ್ಲರನ್ನೂ ನಲವತ್ತು ದಿನಗಳ ದಾರಿಗೆ ಹೊರಡಿಸಿದ್ದು ಎರಡನೆಯ ನೆಲೆ ಕಟ್ಟುವ ಕ್ರಮವಲ್ಲ. ಮೊದಲನೆಯದನ್ನು ಕಿತ್ತು ನೆಡುವ ಕ್ರಮ. (ಪ್ರಯಾಣಭತ್ಯೆಗೆ ಮಾತ್ರ ಕೊರತೆಯಾಗಲಿಲ್ಲ, ಸುಲ್ತಾನನು ದಾರಿಯಲ್ಲಿ ಧಾರಾಳವಾಗಿ ಕೊಟ್ಟನೆಂದು ಚರಿತ್ರೆಕಾರ ಬರನಿಯೇ ಒಪ್ಪುತ್ತಾನೆ.) ಕೆಲವೇ ವರ್ಷಗಳಲ್ಲಿ ಮರಳಲು ಅಪ್ಪಣೆಯಾಯಿತು. ದೌಲತಾಬಾದಿನಲ್ಲಿಯೇ 1347ರಲ್ಲಿ ಬಹಮನಿ ರಾಜ್ಯ ಹುಟ್ಟಿ, ಅದರ ರಾಜಧಾನಿ ನಮ್ಮ ಕಲಬುರಗಿಗೆ ಬಂದಿತು.

ಕಚೇರಿಯ ಕೆಲಸ ಆಪತ್ತಿನಲ್ಲೂ ನಿಲ್ಲದಂತೆ ಮಾಡುವುದು ಹೇಗೆ? ಬ್ಯಾಂಕುಗಳು ಇಂದು ತಮ್ಮ ಲೆಕ್ಕಪತ್ರದ ಗಣಕಯಂತ್ರಗಳಿಗೆ ದೂರದ ಊರಿನಲ್ಲಿ ಇನ್ನೊಂದು ಜೋಡಿಯನ್ನು ಇರಿಸುವುದು ಇದೇ ಪ್ರಶ್ನೆಗಾಗಿ. ಗಣಕಯಂತ್ರಕ್ಕಿಂತ ಹಳೆಯ ಉದಾಹರಣೆ ನಾಸಿಕದಲ್ಲಿದೆ.

ಒಂದು ಕಾಲಕ್ಕೆ ನಮ್ಮ ನೋಟುಗಳು ಇಂಗ್ಲೆಂಡಿನಲ್ಲಿ ಅಚ್ಚಾಗಿ ಹಡಗಿನಲ್ಲಿ ಬರುತ್ತಿದ್ದವು. 1928ರಲ್ಲಿ ನಾಸಿಕದಲ್ಲಿ ನೋಟಿನ ಮುದ್ರಣಾಲಯ ಆರಂಭವಾಯಿತು. 1932ರ ಹೊತ್ತಿಗೆ ಎಲ್ಲ ಬೆಲೆಯ ನೋಟುಗಳೂ ಅಲ್ಲಿಯೇ ಅಚ್ಚಾಗತೊಡಗಿದವು. ಸಮುದ್ರದ ಭಯ ತಪ್ಪಿತು, ನಿಜ. ಆದರೆ ಮುಂದೆ ನಾಲ್ಕು ದಶಕ ಇಡೀ ದೇಶದ ಸಂಬಳ, ಸಂತೆ, ಮದುವೆ, ಮನಿಯಾರ್ಡರುಗಳೆಲ್ಲ ಒಂದೇ ಊರಿನ ಯಂತ್ರಗಳನ್ನು ನಂಬಿಕೊಂಡಿದ್ದವು. ಅಲ್ಲೊಂದು ಬೆಂಕಿಯೋ ದೀರ್ಘ ಮುಷ್ಕರವೋ ಆಗಿದ್ದರೆ ಏನು ಗತಿ?

1970ರ ದಶಕದಲ್ಲಿ ಮಧ್ಯಪ್ರದೇಶದ ದೇವಾಸದಲ್ಲಿ ಎರಡನೆಯ ಮುದ್ರಣಾಲಯವಾಯಿತು. 1995ರಲ್ಲಿ ರಿಸರ್ವ್ ಬ್ಯಾಂಕು ಇದಕ್ಕಾಗಿಯೇ ಕಂಪನಿಯೊಂದನ್ನು ಸ್ಥಾಪಿಸಿ, ಮರುವರ್ಷ ನಮ್ಮ ಮೈಸೂರಿನಲ್ಲಿಯೂ ಬಂಗಾಳದ ಸಾಲ್ಬೋನಿಯಲ್ಲಿಯೂ ಮುದ್ರಣ ಆರಂಭಿಸಿತು. ಈ ಸಲ ನಾಸಿಕವನ್ನು ಯಾರೂ ಕಿತ್ತೊಯ್ಯಲಿಲ್ಲ. ನಾಲ್ಕೂ ಕಡೆ ದಿನನಿತ್ಯದ ಕೆಲಸ ನಡೆಯಿತು. ಹೊಸ ನೆಲೆಯ ಜನರ ಕೈ ಪಳಗಿರಬೇಕಾದರೆ ಆಪತ್ತಿಲ್ಲದ ದಿನಗಳಲ್ಲಿಯೂ ಅವರಿಗೆ ಕೆಲಸವಿರಬೇಕಷ್ಟೆ.

ಪರೀಕ್ಷೆ ಬಂದದ್ದು ಮಹಾಮಾರಿಯ ರೂಪದಲ್ಲಿ. 2021ರ ಏಪ್ರಿಲಿನಲ್ಲಿ ಕೊರೋನಾ ನಿರ್ಬಂಧಗಳಿಂದ ನಾಸಿಕದ ಮುದ್ರಣ ಕೆಲಕಾಲ ನಿಂತಿತು. ನಮ್ಮಲ್ಲಿ ಬಹುಮಂದಿಗೆ ಅದು ತಿಳಿಯಲೂ ಇಲ್ಲ. ಬೇರೆ ಮುದ್ರಣಾಲಯಗಳ ಜೊತೆಗೆ, ಊರೂರಿನ ಬ್ಯಾಂಕುಗಳ ಖಜಾನೆಗಳಲ್ಲಿ ಮೊದಲೇ ಕೂಡಿಟ್ಟ ದಾಸ್ತಾನೂ ಇತ್ತು.

ಈಗ ಮೈಸೂರಿನಲ್ಲಿ ನೋಟಿನ ಕಾಗದವೂ ತಯಾರಾಗುತ್ತದೆ, ಮಸಿಯೂ ತಯಾರಾಗುತ್ತದೆ. ಕನ್ನಡಿಗರಿಗೆ ಹೆಮ್ಮೆಯೇ. ಎಲ್ಲವೂ ಮತ್ತೆ ಒಂದೇ ಊರಿಗೆ ಬಂತಲ್ಲ ಎಂದು ಗುಮಾಸ್ತನ ಮನಸ್ಸು ಕೊಂಚ ಅಳುಕಿದ್ದುಂಟು. ಆದರೆ ಹೋಶಂಗಾಬಾದಿನ ಹಳೆಯ ಕಾಗದದ ಕಾರ್ಖಾನೆಯೂ ದೇವಾಸದ ಮಸಿಯ ಕಾರ್ಖಾನೆಯೂ ಮುಚ್ಚಿಲ್ಲ.